ಭಾವನವರ ಕೈ ಮೇಲೆ ಅರ್ಬಾಬನ ಗಿಡುಗ

ನಮ್ಮ ಭಾವನವರ ಜೊತೆ ಮಸ್ಕತ್ತಿನ ಯಾವುದಾದರೂ ಸೂಪರ್‌ಮಾರ್ಕೆಟ್ಟಿಗೆ ಹೋಗಿ, ತಲೆಯೆತ್ತಿಕೊಂಡು ಹೊರಗೆ ಬಂದವರು ಯಾರಾದರೂ ಇದ್ದರೆ ಅವರ ಕಾಲಿಗೆ ಬೀಳಲು ನಾನು ಸಿದ್ಧ. ಹೋದ ಚಳಿಗಾಲದಲ್ಲಿ ನಾನು ತಲೆ ತಗ್ಗಿಸಿದ್ದಕ್ಕೆ ಕತ್ತು ಉಳುಕದೆ ಉಳಿದದ್ದೇ ನನ್ನ ಪುಣ್ಯ!

ಭಾವ ಎಂದರೆ ನಮ್ಮ ಯಜಮಾನರ ಅಣ್ಣ. ಮೈಸೂರಿನವರು. ಮದುವೆಯಾಗಲಿಲ್ಲ, ಮಸ್ಕತ್ತಿನ ಪಕ್ಕದ ಅಲ್ ಅಮೇರಾತ್‌ನಲ್ಲಿ ನಮ್ಮ ಜೊತೆಗೇ ಇದ್ದಾರೆ. ಟೈಲ್ಸ್ ಕಂಪನಿಯಲ್ಲಿ ಅಕೌಂಟೆಂಟು. ಫ್ರಿಜ್ಜಿನಲ್ಲಿ ಮೊಟ್ಟೆ ಹಾಕಿದ ಕೇಕು ಇದೆ ಎಂದು ಗೊತ್ತಾದರೆ ಅದೇ ಫ್ರಿಜ್ಜಿನ ಮೊಸರನ್ನೂ ಮುಟ್ಟದ ಮನುಷ್ಯ. ಇಂಥವರ ಕೈ ಮೇಲೆ ಗಿಡುಗ ಬಂದು ಕೂತದ್ದು ಹೇಗೆ ಅಂತೀರಾ?

ಅವರ ಕಂಪನಿಯ ಮಾಲೀಕ ಒಳನಾಡಿನ ಇಬ್ರಾ ಎಂಬ ಊರಿನವನು. ಇಲ್ಲಿ ಮಾಲೀಕನಿಗೆ ಎಲ್ಲರೂ ಅರ್ಬಾಬ್ ಅನ್ನುತ್ತಾರೆ. ಈ ಅರ್ಬಾಬ್ ಒಂದು ಎಳೆಯ ಹೆಣ್ಣು ಗಿಡುಗವನ್ನು ಕೊಂಡು ತಂದ. ಅದೋ, ಮನುಷ್ಯರನ್ನು ಕಂಡರೆ ರೆಕ್ಕೆ ಬಡಿದು, ಕೂತ ಗೂಟದಿಂದ ಉರುಳಿ, ಕಾಲಿನ ದಾರಕ್ಕೆ ತಲೆಕೆಳಗಾಗಿ ಜೋತುಬೀಳುತ್ತಿತ್ತು. ಒಂದು ದಿನ ಅದನ್ನು ಆಫೀಸಿಗೆ ತಂದಾಗ ಭಾವನವರ ಮೇಜಿನ ಪಕ್ಕದಲ್ಲಿ ಮಾತ್ರ ಸುಮ್ಮನೆ ಕೂತಿತಂತೆ. ಕೂರದೆ ಏನು ಮಾಡೀತು? ಭಾವ ಕಂಪ್ಯೂಟರಿಗೆ ಮುಖ ಕೊಟ್ಟು ಕೂತರೆಂದರೆ ಊಟದ ಹೊತ್ತಿನವರೆಗೆ ಅಲ್ಲಾಡುವುದಿಲ್ಲ. ಹಕ್ಕಿ ಅವರನ್ನೂ ಒಂದು ಬೀರು ಅಂದುಕೊಂಡಿರಬೇಕು. ಅರ್ಬಾಬನಿಗೆ ಅದೇ ಮಹಾವಿದ್ಯೆಯಾಗಿ ಕಂಡಿತು. ಚರ್ಮದ ಕೈಗವಸೊಂದನ್ನು ಕೊಟ್ಟು, ಪಳಗಿಸುವ ಕ್ರಮ ಹೇಳಿಕೊಟ್ಟು, ಹಕ್ಕಿಯನ್ನು ನಮ್ಮ ಮನೆಗೆ ಕಳಿಸಿಯೇಬಿಟ್ಟ.

ಕ್ರಮ ಏನೆಂದರೆ, ಎಳೆಯ ಗಿಡುಗವನ್ನು ಎಡಗೈ ಮೇಲೆ ಕೂರಿಸಿಕೊಂಡು ಜನ, ಗದ್ದಲ, ದೀಪಗಳ ನಡುವೆ ತಿರುಗಬೇಕು. ಅದರ ಭಯ ಹೋಗುವವರೆಗೂ ತಿರುಗಬೇಕು. ಇಲ್ಲಿನವರು ತಮ್ಮ ಮಜ್ಲಿಸಿನಲ್ಲಿ, ಅಂದರೆ ಬಂದವರನ್ನು ಕೂರಿಸುವ ಪಡಸಾಲೆಯಲ್ಲಿ, ನಾಲ್ಕು ಜನರ ಮಧ್ಯೆ ಕೂತು ಕಾಫಿ ಕುಡಿಯುತ್ತಾ ಈ ಕೆಲಸ ಮುಗಿಸುತ್ತಾರೆ. ನಮ್ಮ ಭಾವನವರಿಗೆ ಮಜ್ಲಿಸ್ ಎಲ್ಲಿಂದ ಬರಬೇಕು? ಸೀದಾ ಶುಕ್ರವಾರ ಸಂಜೆಯ ಸೂಪರ್‌ಮಾರ್ಕೆಟ್ಟಿಗೆ ನಡೆದರು.

ಅಲ್ಲಿ ತರಕಾರಿಯ ಮುಂದೆ ನಿಂತು, ಹಕ್ಕಿಯ ಕಣ್ಣು ಮುಚ್ಚಿದ್ದ ಚರ್ಮದ ಟೋಪಿಯನ್ನು ತೆಗೆದು, ಅದರ ಕಿವಿಯ ಹತ್ತಿರ ಬಗ್ಗಿ, “ಹೆದರ್ಕೋಬೇಡ ಚಿನ್ನು, ಅವರು ಬದನೆಕಾಯಿ ಆರಿಸ್ತಿದಾರೆ, ಅಷ್ಟೇ” ಎಂದು ಸಮಾಧಾನ ಹೇಳುತ್ತಿದ್ದರು. ಬದನೆಕಾಯಿ ಆರಿಸುತ್ತಿದ್ದಾಕೆ ಟ್ರಾಲಿ ಬಿಟ್ಟು ಓಡಿದಳು. ನನ್ನ ಪರಿಚಯದ ಹೆಂಗಸೊಬ್ಬರು ಬಂದು, ಅವರು ನಿಮ್ಮ ಭಾವ ಅಲ್ಲವೇ ಎಂದು ಕೇಳಿದರು. ನಾನು ಕೊತ್ತಂಬರಿ ಸೊಪ್ಪಿನ ಕಟ್ಟಿನಲ್ಲಿ ಮುಖ ಹುದುಗಿಸಿ, ಯಾರು, ಎಲ್ಲಿ ಎಂದೆ. ನನ್ನ ಮಗಳು ಆ ವೇಳೆಗಾಗಲೇ ಕಾರಿನಲ್ಲಿದ್ದಳು. “ದೊಡ್ಡಪ್ಪ ಈಸ್ ಸೋ ಎಂಬರಾಸಿಂಗ್” ಎಂದು ಅವಳು ದಾರಿಯುದ್ದಕ್ಕೂ ಹೇಳಿದಳು. ನಾನು ಬೈಯಲಿಲ್ಲ, ಯಾವ ಬಾಯಿಂದ ಬೈಯಲಿ!

ಕನ್ನಡ ಸಂಘದ ರಾಜ್ಯೋತ್ಸವಕ್ಕೂ ಚಿನ್ನು ಬಂತು. ಮೊದಲ ಸಾಲಿನಲ್ಲೇ ಕೂತಿತು. ಅಧ್ಯಕ್ಷರು, ಉಡುಪಿ ಕಡೆಯವರು, ರೇಷ್ಮೆ ಜುಬ್ಬಾ ತೊಟ್ಟು ಹಾರ ಹಾಕಿಸಿಕೊಳ್ಳಲು ಪಕ್ಕದಲ್ಲಿ ಬಂದು ನಿಂತದ್ದೇ ತಡ, ಹಕ್ಕಿ ಬಾಲವೆತ್ತಿ ಆ ಜುಬ್ಬಾದ ಮೇಲೆ ಪಿಚಕಾರಿ ಹೊಡೆದಂತೆ ಬೆಳ್ಳಗೆ ಹಾರಿಸಿತು. “ಎಂಥ ಮಾರಾಯ್ರೆ ಇದು! ನಿಮ್ಮ ಕೋಳಿಯನ್ನು ಹೊರಗೆ ಕಟ್ಟಿ ಬರ್ಲಿಕ್ಕೆ ಆಗುದಿಲ್ವಾ?” ಎಂದರು ಪಾಪ. ಭಾವನವರ ಮುಖದಲ್ಲಿ ಆನಂದವೋ ಆನಂದ. “ಬೇಜಾರು ಮಾಡ್ಕೋಬೇಡಿ ಸಾರ್. ಇಷ್ಟು ಜನರ ಮಧ್ಯೆ ನಿಶ್ಚಿಂತೆಯಾಗಿ ಮಾಡಿದೆ ಅಂದ್ರೆ ಭಯ ಹೋಗಿದೆ ಅಂತ ಅರ್ಥ.” ಆವತ್ತಿನ ಊಟದ ಹೋಳಿಗೆ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಮನೆಯ ಕಥೆ ಬೇರೆ. ಚಿನ್ನುವಿನ ಊಟಕ್ಕೆಂದು ಫ್ರೀಜರಿನಲ್ಲಿ ಕೌಜುಗದ ಮಾಂಸ ಬಂತು. ಭಾವ ಬಾಲ್ಕನಿಯಲ್ಲಿ ಮೂಗಿಗೆ ಕರ್ಚೀಫು ಕಟ್ಟಿ, ಬಾಯಲ್ಲಿ ಮಂತ್ರ ಹೇಳುತ್ತಾ ಅದನ್ನು ತುಂಡು ಮಾಡಿ, ಆಮೇಲೆ ತಲೆಗೆ ಸ್ನಾನ ಮಾಡುತ್ತಿದ್ದರು. ಸಂಜೆ ಬಯಲಿಗೆ ಹೋಗಿ, ಹಗ್ಗಕ್ಕೆ ಕಟ್ಟಿದ ರೆಕ್ಕೆಯ ಗೊಂಚಲನ್ನು ಗಿರಗಿರನೆ ಬೀಸುತ್ತಾ “ಬಾ ಚಿನ್ನೂ, ಊಟಕ್ಕೆ ಬಾ” ಎಂದು ಕೂಗುತ್ತಿದ್ದರು. ಕ್ರಿಕೆಟ್ ಆಡುವವರೆಲ್ಲ ಬ್ಯಾಟು ಕೆಳಗಿಟ್ಟು ನೋಡುತ್ತಿದ್ದರು. ಹಕ್ಕಿ ಮಾತ್ರ ಎಲ್ಲಿದ್ದರೂ ಬಾಣದ ಹಾಗೆ ಬಂದು ಅವರ ಕೈ ಮೇಲೆ ಇಳಿಯುತ್ತಿತ್ತು.

ಎಡವಟ್ಟು ಆದದ್ದು ಇಲ್ಲೇ. ಅರ್ಬಾಬ್ ತನ್ನ ಅಣ್ಣತಮ್ಮಂದಿರನ್ನು ಕರೆದುಕೊಂಡು ನೋಡಲು ಬಂದ. ಅರಬ್ಬಿಯಲ್ಲಿ ಕರೆದ, ಶಿಳ್ಳೆ ಹಾಕಿದ, ಕೈ ತಟ್ಟಿದ. ಚಿನ್ನು ವಿದ್ಯುತ್ ಕಂಬದ ಮೇಲೆ ಕೂತು ಪುಕ್ಕ ತಿದ್ದಿಕೊಳ್ಳುತ್ತಿತ್ತು. ಭಾವ ಮೆಲ್ಲಗೆ ಊಟಕ್ಕೆ ಕರೆದರು, ಬಂತು! ಅರ್ಬಾಬನ ಹಕ್ಕಿಗೆ ಬರುವುದು ಬರೀ ಕನ್ನಡ ಎಂದು ಅಣ್ಣತಮ್ಮಂದಿರು ಬಿದ್ದು ಬಿದ್ದು ನಕ್ಕರು. ಅರ್ಬಾಬ್ ನಗಲಿಲ್ಲ. ಮುಂದಿನ ಶುಕ್ರವಾರ ಇಬ್ರಾದಲ್ಲಿ ಹಕ್ಕಿ ತನ್ನ ಕೈಗೆ ಬರದಿದ್ದರೆ ಗಡಿಯಾಚೆಯ ವ್ಯಾಪಾರಿಗೆ ಮಾರಿಬಿಡುವುದಾಗಿ ಹೇಳಿದ. ಖಲಾಸ್.

ಆ ವಾರ ಭಾವನವರಿಗೆ ಅನ್ನ ಸೇರಲಿಲ್ಲ. ಆಫೀಸಿನಲ್ಲಿ ಬಾಗಿಲು ಹಾಕಿಕೊಂಡು ಅರ್ಬಾಬನಿಗೆ ಊಟಕ್ಕೆ ಕರೆಯುವ ಆ ಮೂರು ನಾಲ್ಕು ಕನ್ನಡ ಮಾತುಗಳನ್ನು ಬಾಯಿಪಾಠ ಮಾಡಿಸಿದರು. ಊಟವನ್ನು ಅವನ ಕೈಯಿಂದಲೇ ಕೊಡಿಸಿದರು. ತಾವು ಹಕ್ಕಿಯ ಎದುರಿಗೆ ಬಾಯಿಯನ್ನೇ ಬಿಡಲಿಲ್ಲ. ನಾನೇ ಕೇಳಿದೆ, ಅದು ಅವನಿಗೆ ಒಗ್ಗಿಬಿಟ್ಟರೆ ನಿಮ್ಮನ್ನು ಮರೆತುಬಿಡುತ್ತದಲ್ಲ ಎಂದು. “ಮರೀಲಿ ಕಣಮ್ಮ. ಇಬ್ರಾದಲ್ಲಾದ್ರೂ ಇರುತ್ತಲ್ಲ” ಎಂದರು.

ಶುಕ್ರವಾರ ಇಬ್ರಾದ ಆಚೆಯ ಬಯಲಿನಲ್ಲಿ ಚಾಪೆ ಹಾಸಿತ್ತು, ಖರ್ಜೂರ, ಕಾಫಿ ಇತ್ತು, ಅರ್ಬಾಬನ ಮನೆಯವರೆಲ್ಲ ಇದ್ದರು. ಹಕ್ಕಿಯನ್ನು ಬಿಡುವ ಮೊದಲು ಭಾವ ಸರಸರನೆ ಹೋಗಿ ನಮ್ಮ ಕಾರಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತರು. ತಮ್ಮನ್ನು ಕಂಡರೆ ಅದು ಇಲ್ಲಿಗೇ ಬಂದುಬಿಡುತ್ತದಂತೆ! ಅಷ್ಟು ವಯಸ್ಸಾದ ಗಂಡಸು ಟೈರಿನ ಮರೆಯಲ್ಲಿ! ಹೆಂಗಸರು ಏನಾಯಿತೆಂದು ಕೇಳಿದರು. ನಾಚಿಕೆಯಿಂದ ಸಾಯುತ್ತಾ, ಕಾರಿನ ಕೀ ಬಿದ್ದಿದೆ, ಹುಡುಕುತ್ತಿದ್ದಾರೆ ಎಂದೆ.

ಅರ್ಬಾಬ್ ಹಕ್ಕಿಯನ್ನು ಹಾರಿಬಿಟ್ಟ. ಅದು ಮೇಲೇರಿ, ಸುತ್ತು ಹೊಡೆದು, ನಮ್ಮ ಕಾರಿನ ಮೇಲೆಯೇ ಬಂದು ಸುಳಿಯತೊಡಗಿತು. ಅರ್ಬಾಬ್ ಗೊಂಚಲು ಬೀಸುತ್ತಾ “ಬಾ ಶಿನ್ನೂ, ಊತಕೆ ಬಾ” ಎಂದು ಗಂಟಲು ಹರಿಯುವಂತೆ ಕೂಗಿದ. ನಾನು ತಿರುಗಿ ನೋಡಿದೆ. ಭಾವ ಮಂಡಿಯ ನಡುವೆ ತಲೆ ತೂರಿಸಿ, ಬಲಗೈಯಿಂದ ತಮ್ಮ ಬಾಯನ್ನು ತಾವೇ ಒತ್ತಿ ಹಿಡಿದಿದ್ದರು. ಹಕ್ಕಿ ಇನ್ನೊಂದು ಸುತ್ತು ಹೊಡೆಯಿತು. ಆಮೇಲೆ ಸರ್ರನೆ ಇಳಿದು ಅರ್ಬಾಬನ ಕೈ ಮೇಲೆ ಕೂತಿತು. ಚಾಪೆಯ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ನಾನು ಕಾರಿನ ಹಿಂದೆ ಹೋದೆ. “ಹೋಯ್ತೇನಮ್ಮಾ?” ಎಂದರು, ತಲೆಯೆತ್ತದೆ.

“ಹೋಯ್ತು ಭಾವ.”

“ಒಳ್ಳೇದಾಯ್ತು. ಚೆನ್ನಾಗಿ ಕಲ್ತಿದೆ” ಎಂದರು. ಅವರ ಎಡಗೈ ಮಾತ್ರ ಎದೆಯ ಮಟ್ಟಕ್ಕೆ ಎತ್ತಿದಂತೆಯೇ ಇತ್ತು, ಅಲ್ಲಾಡದೆ, ಹಕ್ಕಿ ಕೂತಿದ್ದರೆ ಹೇಗೋ ಹಾಗೆ. ಇಷ್ಟು ದಿನ ಈ ಮನುಷ್ಯನನ್ನು ನಮ್ಮವರಲ್ಲ ಅಂದದ್ದೆಲ್ಲ ನೆನಪಾಯಿತು. ಆಗ ಅರ್ಬಾಬನ ಮನೆಯ ಹೆಂಗಸರು ಕಾರಿನ ಈಚೆ ಬಂದು, ಕೀ ಸಿಕ್ಕಿತೇ ಎಂದು ಕೇಳಿದರು.

ಕೀ ಅಲ್ಲ, ಇವರು ನಮ್ಮ ಭಾವ, ಆ ಹಕ್ಕಿಯನ್ನು ಸಾಕಿದವರು ಎಂದು ಹೇಳಿ, ರೇಷ್ಮೆ ಸೀರೆಯಲ್ಲೇ ಅವರ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತೆ.