ಎಪ್ಪತ್ತು ಕೆಜಿಯವನ ಬಿಎಂಡಬ್ಲ್ಯು

ಡಾಕ್ಟರ ಹತ್ತಿರ, ವಕೀಲರ ಹತ್ತಿರ ಸುಳ್ಳು ಹೇಳಬಾರದು ಎಂದು ಹಿರಿಯರು ಹೇಳಿದ್ದಾರೆ. ಮೆಕ್ಯಾನಿಕ್ಕನ ಹತ್ತಿರ ಹೇಳಬಾರದು ಎಂದು ಯಾರೂ ಹೇಳಿರಲಿಲ್ಲ. ಅವರ ಕಾಲದಲ್ಲಿ ಎತ್ತಿನ ಗಾಡಿ ಇತ್ತು, ಎತ್ತುಗಳು ಯಾರ ತೂಕವನ್ನೂ ಕೇಳುತ್ತಿರಲಿಲ್ಲ. ಆದ್ದರಿಂದ ನನ್ನ ಅಪರಾಧದಲ್ಲಿ ಅರ್ಧ ಪಾಲು ಹಿರಿಯರದು ಎಂಬುದು ನನ್ನ ವಾದ. ಹಾಗೆ ನೋಡಿದರೆ ನಾನು ಸುಳ್ಳುಗಾರನೂ ಅಲ್ಲ. ಕೋಟೇಶ್ವರದಲ್ಲಿ ನನ್ನದೊಂದು ಪಾತ್ರೆ ಅಂಗಡಿ. ತಾಮ್ರ, ಹಿತ್ತಾಳೆ ತೂಗಿ ಮಾರುವ ಕಸುಬು. ಇಷ್ಟು ವರ್ಷಗಳಲ್ಲಿ ಗಿರಾಕಿಗೆ ತೂಕದಲ್ಲಿ ಗುಲಗಂಜಿಯಷ್ಟೂ ಮೋಸ ಮಾಡಿದವನಲ್ಲ. ಯಾರೂ ಇಲ್ಲದ ಹೊತ್ತು ನೋಡಿ ಅದೇ ತಕ್ಕಡಿಯ ಮೇಲೆ ನಾನೂ ಆಗಾಗ ನಿಲ್ಲುವುದುಂಟು. ಅದು ತೊಂಬತ್ತಾರು ಎನ್ನುತ್ತದೆ. ನಾನು ಇಳಿದು ಅದಕ್ಕೊಂದು ಬಟ್ಟೆ ಮುಚ್ಚುತ್ತೇನೆ.

ಇಂಥ ನನ್ನ ಪಾಲಿಗೆ ಎರಡೂವರೆ ವರ್ಷದ ಹಿಂದೆ ಹದಿನೆಂಟು ವರ್ಷ ಹಳೆಯ ಬಿಎಂಡಬ್ಲ್ಯು ಬಂತು. ಮುಂಬೈಯಲ್ಲಿ ಹೋಟೆಲು ನಡೆಸುವ ದೊಡ್ಡಪ್ಪನ ಮಗ, ನಿಲ್ಲಿಸಲು ಜಾಗವಿಲ್ಲವೆಂದು ಬೀಜಾಡಿಯ ನಮ್ಮ ಅಂಗಳಕ್ಕೆ ತಂದು ಬಿಟ್ಟುಹೋದ. ನನ್ನ ಹೆಂಡತಿ ವಾರಿಜ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, "ಒಂದ್ ಸಲ ಇದ್ರಲ್ ಮರವಂತೆಗ್ ಹೋಪ. ಅಪ್ಪಯ್ಯನ ಮನಿ ಜಾಲಲ್ಲಿ ಇಳಿಕ್" ಎಂದಳು. ತವರಿನ ಅಂಗಳದಲ್ಲಿ ಕಾರಿನಿಂದ ಇಳಿಯಬೇಕು, ಅವಳು ಕೇಳಿದ್ದು ಅಷ್ಟೇ. ಆದರೆ ನಾನು ಅಷ್ಟರಲ್ಲಿ ಫೋನಿನಲ್ಲಿ ಕಾರು ಪ್ರೇಮಿಗಳ ಗುಂಪೊಂದಕ್ಕೆ ಸೇರಿಬಿಟ್ಟಿದ್ದೆ. ಇದ್ದ ಕಾರನ್ನು ಇದ್ದ ಹಾಗೆ ಓಡಿಸುವವನು ಅಲ್ಲಿ ಅನಾಗರಿಕ. ಮೊದಲು ದೀಪ ಬದಲಾಯಿಸಿದೆ, ಆಮೇಲೆ ಸ್ಟಿಯರಿಂಗು, ಆಮೇಲೆ ಬಂಪರು. ಹಿಂದುಗಡೆ ಒಂದು ರೆಕ್ಕೆ ಕೂರಿಸಿದೆ. ಕಾರು ಬಿಸಿಲಲ್ಲಿ ನಿಂತೇ ಇರುವುದನ್ನು ಕಂಡ ಪಕ್ಕದ ಮನೆಯವರು ಆ ರೆಕ್ಕೆಯ ಮೇಲೆ ಹಪ್ಪಳ ಒಣಗಿಸಿದರು. ಯಾವಾಗ ನೋಡಿದರೂ ಕಾರಿಗೆ ಏನಾದರೊಂದು ಇಲ್ಲ. ವಾರಿಜ ಎರಡು ವರ್ಷ ತವರಿಗೆ ಬಸ್ಸಿನಲ್ಲೇ ಹೋದಳು.

ಕೊನೆಯದಾಗಿ ಕಾರನ್ನು ತಗ್ಗಿಸುವುದು ಬಾಕಿ ಇತ್ತು. ನೆಲಕ್ಕೆ ತಾಗುವ ಹಾಗೆ ಕುಳಿತರೇ ಕಾರಿಗೆ ಗಾಂಭೀರ್ಯ ಎಂದು ಗುಂಪಿನಲ್ಲಿ ತೀರ್ಮಾನವಾಗಿತ್ತು. ಹಂಗಾರಕಟ್ಟೆಯಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುವ ಬಾಬಣ್ಣನ ಕೈಗುಣ ದೊಡ್ಡದೆಂದು ಅಲ್ಲಿಗೇ ಒಯ್ದೆ. ಬಾಬಣ್ಣನ ಕಣ್ಣಿಗೆ ಪ್ರಪಂಚದ ಸಕಲ ವಾಹನಗಳೂ ಬೋಟೇ. ಸ್ಪ್ರಿಂಗ್ ಕತ್ತರಿಸುವ ಮೊದಲು ಕೇಳಿದ: "ಲೋಡ್ ಎಷ್ಟ್ ಸಾವ್ಕಾರ್ರೆ? ಸಮಾ ಹೇಳಿ. ಲೋಡ್ ತಪ್ಪ್ ಹೇಳ್ರೆ ಅಡಿ ತಾಗತ್ತ್."

"ನಾವಿಬ್ಬರೇ. ಅವಳು ಐವತ್ತೆರಡು" ಎಂದೆ.

"ನೀವ್?"

ನಮ್ಮ ಗುಂಪಿನ ಇಬ್ಬರು ಸಪೂರ ತರುಣರು ಪಕ್ಕದಲ್ಲೇ ನಿಂತಿದ್ದರು. ನಾನು ಉಸಿರು ಒಳಗೆಳೆದು ಹೊಟ್ಟೆಯನ್ನು ಸಾಧ್ಯವಾದಷ್ಟು ಬೆನ್ನಿನ ಕಡೆಗೆ ಕಳಿಸಿ, "ಎಪ್ಪತ್ತು" ಎಂದೆ. ಬಾಬಣ್ಣ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನಡುವೆ ಒಂದು ಕಡೆ ಸ್ವಲ್ಪ ಹೆಚ್ಚು ಹೊತ್ತು ನಿಂತ.

"ಎಪ್ಪತ್ತಾ?"

"ಎಪ್ಪತ್ತು. ಬಟ್ಟೆ ಸೇರಿ."

ಅವನು ಎಪ್ಪತ್ತಕ್ಕೆ ಲೆಕ್ಕ ಹಾಕಿ ಸ್ಪ್ರಿಂಗ್ ಕತ್ತರಿಸಿದ. ಬರುವ ದಾರಿಯ ಮೊದಲ ಹಂಪಿನಲ್ಲೇ ಕಾರಿನ ಹೊಟ್ಟೆ ಕರ್‍ರ್ ಎಂದಿತು. ಮರ್ಯಾದಸ್ಥನಾದವನು ವಾಪಸು ಹೋಗಿ ನಿಜ ಹೇಳುತ್ತಿದ್ದ. ನಾನು ಮನೆಗೆ ಬಂದು ಸ್ಟೆಪ್ನಿ ಟೈರು ಇಳಿಸಿದೆ. ಮರುದಿನ ಜ್ಯಾಕು ಮತ್ತು ಸ್ಪ್ಯಾನರುಗಳು. ಆಮೇಲೆ ಸ್ಪೀಕರು. ಕಡೆಗೆ ಹಿಂದಿನ ಸೀಟನ್ನೇ ಬಿಚ್ಚಿ ಚಾವಡಿಯಲ್ಲಿಟ್ಟೆ. ಬಂದ ನೆಂಟರು ಅದರ ಮೇಲೆ ಕುಳಿತು ಬಹಳ ಮೆತ್ತಗಿದೆ ಎಂದು ಹೊಗಳಿದರು. ಕಾರೊಳಗೆ ತೆಗೆಯಲು ಉಳಿದದ್ದು ಒಂದೇ ವಸ್ತು. ಅದು ಸ್ಟಿಯರಿಂಗ್ ಹಿಡಿದು ಕುಳಿತಿತ್ತು.

ಅಷ್ಟರಲ್ಲಿ ಮರವಂತೆಯಲ್ಲಿ ವಾರಿಜಳ ತಮ್ಮನ ಮನೆ ಒಕ್ಕಲು ಬಂತು. ಇನ್ನು ತಪ್ಪಿಸುವಂತಿಲ್ಲ. ಅವಳು ರೇಷ್ಮೆ ಸೀರೆ ಉಟ್ಟು, ಉಡುಗೊರೆಯ ತಾಮ್ರದ ಹಂಡೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕುಳಿತಳು. ಹೆದ್ದಾರಿಯಲ್ಲಿ ಎಡಕ್ಕೆ ಸಮುದ್ರ, ಬಲಕ್ಕೆ ನದಿ, ನಡುವೆ ನಾವು. ಫೋಟೋ ತೆಗೆಯುತ್ತಿದ್ದವರೆಲ್ಲ ಸಮುದ್ರ ಬಿಟ್ಟು ನಮ್ಮನ್ನೇ ನೋಡಿದರು. ವಾರಿಜಳ ಮುಖ ಅರಳಿತು. ನನ್ನ ಪಾಪವೆಲ್ಲ ತೊಳೆದುಹೋಯಿತು ಅಂದುಕೊಂಡೆ. ಹೆದ್ದಾರಿ ಬಿಟ್ಟು ಅವಳ ತವರಿನ ದಾರಿಗೆ ತಿರುಗಿದರೆ ಐದು ಹಂಪುಗಳು ಸಾಲಾಗಿ ಮಲಗಿದ್ದವು. ಮೊದಲನೆಯದರ ಮೇಲೆಯೇ ಕಾರು ಹೊಟ್ಟೆ ಊರಿ ಕುಳಿತಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

"ಹಂಡೆ ಭಾರ ಆಯಿತು" ಎಂದೆ.

"ಹಂಡಿ ಹನ್ನೊಂದ್ ಕೆಜಿ. ನಾನೇ ತೂಗದ್" ಎಂದಳು ವಾರಿಜ. ಪಾತ್ರೆ ವ್ಯಾಪಾರಿಯ ಹೆಂಡತಿಯ ಹತ್ತಿರ ಆಡುವ ಮಾತೇ ಅದು! ಅವಳು ಅಲ್ಲಿಂದಲೇ ಬಾಬಣ್ಣನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದಳು.

"ಅಕ್ಕಾ, ನನ್ ಕೆಲ್ಸದಲ್ ತಪ್ಪಿಲ್ಲೆ. ಎಪ್ಪತ್ ಕೆಜಿ ಜನಕ್ಕೆ ಕಟ್ ಮಾಡದ್. ಸಾವ್ಕಾರ್ರೇ ಹೇಳದ್, ಬಟ್ಟಿ ಸೇರಿ ಅಂದ್ರ್" ಎಂದಿತು ಫೋನು.

ವಾರಿಜ ತಿರುಗಿ ಸೀಟಿಲ್ಲದ ಹಿಂಭಾಗವನ್ನು ನೋಡಿದಳು. ನನ್ನನ್ನು ನೋಡಿದಳು. ಎರಡು ವರ್ಷದ ಬಸ್ ಪ್ರಯಾಣ ಆ ನೋಟದಲ್ಲಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. "ಹ್ವಾಯ್, ಇಳಿನಿ. ಹಂಡಿನೂ ನೀವೇ ಹಿಡ್ಕಣಿ" ಎಂದಳು.

ನಾನು ಇಳಿದೆ. ಕಾರು ನಿಟ್ಟುಸಿರು ಬಿಟ್ಟಂತೆ ಮೇಲೆದ್ದಿತು. ಮದುವೆಗೆ ಮುಂಚೆ ಅಪ್ಪನ ಮೀನಿನ ಟೆಂಪೊ ಓಡಿಸುತ್ತಿದ್ದ ವಾರಿಜ ಸೆರಗು ಸಿಕ್ಕಿಸಿ ಆಚೆ ಸೀಟಿಗೆ ಸರಿದಳು. ನಾನು ಅವಳಿಗೆ ಅದುವರೆಗೆ ಮುಟ್ಟಲೂ ಕೊಡದ ಕಾರು ಐದೂ ಹಂಪುಗಳನ್ನು ಬೆಣ್ಣೆಯ ಹಾಗೆ ದಾಟಿತು. ಮುಂದೆ ಹೆಗಲ ಮೇಲೆ ಹಂಡೆ ಹೊತ್ತ ನಾನು, ಹಿಂದೆ ಬಿಎಂಡಬ್ಲ್ಯುವಿನಲ್ಲಿ ನನ್ನ ಹೆಂಡತಿ. ಹೀಗೆ ಅಂಗಳಕ್ಕೆ ಬಂದೆವು. ಓಲಗದವರು ಒಂದು ಕ್ಷಣ ಊದುವುದನ್ನೇ ನಿಲ್ಲಿಸಿದರು.

ಬೆಲ್ಲ, ನೀರು ಹಿಡಿದು ಬಂದ ಅತ್ತೆ ಕಂಗಾಲಾದರು. "ಹೋ ದೇವ್ರೆ! ಅಳಿಯಂದಿರ್ ಎಂತಕೆ ಹಂಡಿ ಹೊತ್ಕಂಡ್ ನಡ್ಕಂಡ್ ಬಪ್ಪುದ್?"

ನೆಂಟರೆಲ್ಲ ಕಿವಿ ನೆಟ್ಟಗೆ ಮಾಡಿದರು. ವಾರಿಜ ಒಂದು ಮಾತು ಆಡಿದ್ದರೆ ನನ್ನ ಕಥೆ ಮುಗಿಯುತ್ತಿತ್ತು. ಅವಳು ಕಾರಿನಿಂದ ರಾಣಿಯ ಹಾಗೆ ಇಳಿದು, "ಅವ್ರದ್ದ್ ಹರ್ಕಿ ಅಮ್ಮಾ. ಈ ಕಾರಲ್ ಬಪ್ಪತಿಗೆಲ್ಲ ರಸ್ತಿಯಿಂದ ನಡ್ದೇ ಬಪ್ಪುದ್ ಅಂಬ್ರ್" ಎಂದಳು. ಮಾವ ಕೈ ಮುಗಿದರು. ನನ್ನ ಕಣ್ಣು ತುಂಬಿತು. ಇಂಥ ಹೆಂಡತಿಯನ್ನು ಎರಡು ವರ್ಷ ಬಸ್ಸಿನಲ್ಲಿ ಕಳಿಸಿದೆನಲ್ಲ!

ಆದರೆ ಹರಕೆ ಎಂದ ಮೇಲೆ ಹರಕೆಯೇ. ಈಗ ತಿಂಗಳಿಗೊಮ್ಮೆ ಮರವಂತೆಗೆ ಹೋಗುತ್ತೇವೆ. ಹೆದ್ದಾರಿ ಬಿಟ್ಟ ಕೂಡಲೇ ನಾನು ಇಳಿಯುತ್ತೇನೆ, ಅವಳು ಓಡಿಸುತ್ತಾಳೆ. ನಡೆದು ದಣಿದ ಹರಕೆಯವನಿಗೆ ಕಡಿಮೆ ಮಾಡಬಾರದೆಂದು ಅತ್ತೆ ಎಲೆಗೆ ನಾಲ್ಕು ಹೋಳಿಗೆ ಜಾಸ್ತಿ ಬಡಿಸುತ್ತಾರೆ. ಬೇರೆ ಸ್ಪ್ರಿಂಗ್ ಹಾಕಿ ಕಾರನ್ನು ಏರಿಸಿಕೊಡುತ್ತೇನೆ ಎಂದು ಬಾಬಣ್ಣ ಹೇಳಿದ, ವಾರಿಜ ಒಪ್ಪಲಿಲ್ಲ. "ಕಾರ್ ಲಾಯ್ಕ್ ಇತ್ತ್. ಅದ್ಕೆಂತ ಮಾಡುದ್ ಬೇಡ. ಮೊದ್ಲ್ ನೀವ್ ಎಪ್ಪತ್ತ್ ಆಯ್ನಿ" ಎನ್ನುತ್ತಾಳೆ. ಅಂಗಡಿಯ ತಕ್ಕಡಿಯ ಬಟ್ಟೆಯನ್ನು ಈಗ ಅವಳೇ ತೆಗೆದು ನನ್ನನ್ನು ಹತ್ತಿಸುತ್ತಾಳೆ. ಮೊನ್ನೆ ತೊಂಬತ್ತೇಳೂವರೆ ತೋರಿಸಿತು.

"ಬಟ್ಟೆ ಸೇರಿ" ಎಂದೆ.