ಇಡಿಗಂಟು, ಬಿಡಿಗಂಟು, ಒಂದು ಚಮಚ ಹೆಪ್ಪು

ಎದುರು ಮನೆಯ ಜಲಜಮ್ಮನವರನ್ನು ನಾನು ಎರಡು ವರ್ಷ ಶುದ್ಧ ಜಿಪುಣಿ ಎಂದೇ ತಿಳಿದಿದ್ದೆ. ಹಾಗೆ ತಿಳಿಯದೆ ಇನ್ನೇನು ಮಾಡಲಿ? ಹೊಸೂರಿನ ಆಲಸನತ್ತದಲ್ಲಿ ಸ್ವಂತ ಮನೆ, ಹಿತ್ತಲಲ್ಲಿ ಸ್ವಂತ ಹಸು, ಆ ಹಸುವಿನ ಹಾಲನ್ನು ನಮಗೇ ಅಳೆದು ಮಾರುವ ಹೆಂಗಸು. ಅಂಥವರು ಪ್ರತಿ ಗುರುವಾರ ಸಂಜೆ, ದೀಪ ಹಚ್ಚುವ ಮುಂಚೆ, ಮುಚ್ಚಳದ ಬಟ್ಟಲೊಂದನ್ನು ಹಿಡಿದು ನಮ್ಮ ಹೊಸ್ತಿಲಿಗೆ ಬಂದು, "ವೇದಾ, ಒಂಚೂರು ಹೆಪ್ಪು ಕೊಡಮ್ಮಾ" ಎಂದು ನಿಂತರೆ ಯಾರಿಗೆ ತಾನೆ ಮತ್ತೇನು ಅನ್ನಿಸೀತು?

"ಬಂತು ನೋಡು ಕ್ಷೀರಸಾಗರ, ಬಟ್ಟಲು ಹಿಡ್ಕೊಂಡು," ಎಂದು ನಾನೊಮ್ಮೆ ಪತ್ರಿಕೆಯ ಮರೆಯಿಂದ ಅಂದೆ.

ನನ್ನ ಧರ್ಮಪತ್ನಿ ವೇದವತಿ ಕಣ್ಣು ಬಿಟ್ಟಳು. "ರೀ, ಕೇಳಿಸ್ತದೆ!"

"ಕೇಳಿಸ್ಲಿ ಅಂತಾನೇ ಅಂದಿದ್ದು."

"ಕೇಳಿಸ್ತು ಬಿಡಪ್ಪಾ," ಎಂದರು ಜಲಜಮ್ಮನವರು ಹೊಸ್ತಿಲಿನಿಂದ. ಕೋಪವಿಲ್ಲ, ನಾಚಿಕೆಯಿಲ್ಲ. ಹೆಪ್ಪು ಹಾಕಿಸಿಕೊಂಡು, ಮುಚ್ಚಳ ಒತ್ತಿಕೊಂಡು, ಬೀದಿ ದಾಟಿ ಹೋದರು.

ನನಗೆ ಉರಿಯುತ್ತಿದ್ದದ್ದಕ್ಕೆ ಕಾರಣವಿತ್ತು. ನಮ್ಮ ಮನೆಯ ಹೆಪ್ಪೆಂದರೆ ಬೀದಿಗೆ ಹಂಚುವ ಸರಕಲ್ಲ. ನಾನು ಕಾರ್ಖಾನೆಯ ಕೆಲಸಕ್ಕೆಂದು ಹೊಸೂರಿಗೆ ಬಂದು ಮನೆ ಮಾಡಿದಾಗ, ನನ್ನ ಅಮ್ಮ ಗೋವಿಂದಮ್ಮ ಗುಮ್ಮಳಾಪುರದಿಂದ ಬಸ್ಸಿನಲ್ಲಿ ಮೊಸರಿನ ಕುಡಿಕೆಯನ್ನು ಮಡಿಲಲ್ಲಿಟ್ಟುಕೊಂಡು, ಪ್ರತಿ ಹಳ್ಳಕ್ಕೂ ಡ್ರೈವರನಿಗೆ ಬೈದುಕೊಂಡು ಬಂದಿದ್ದಳು. ಅಂದಿನಿಂದ ನಿನ್ನೆಯ ಮೊಸರಿನಿಂದ ಇವತ್ತಿನದು, ಇವತ್ತಿನದರಿಂದ ನಾಳೆಯದು. ಅಮ್ಮ ನಮ್ಮ ಜೊತೆಯಲ್ಲೇ ಇದ್ದು, ಎರಡು ವರ್ಷದ ಹಿಂದೆ ಹೋಗಿಬಿಟ್ಟಳು. ಮೊಸರು ಹೋಗಲಿಲ್ಲ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎಲ್ಲರೂ ಸಾಂಬಾರಿನ ಡಬ್ಬಿ ಬಿಚ್ಚಿದರೆ ನಾನು ಮೊದಲು ಮೊಸರನ್ನದ್ದನ್ನೇ ಬಿಚ್ಚುತ್ತೇನೆ. ಮುಚ್ಚಳ ಎತ್ತಿದ ಆ ಗಳಿಗೆಯಲ್ಲಿ, ಲೇತ್ ಯಂತ್ರಗಳ ಕಿರುಚಾಟದ ನಡುವೆ, ಗುಮ್ಮಳಾಪುರದ ಅಡುಗೆಮನೆಯ ಅರೆಗತ್ತಲು, ಸೌದೆಯ ಹೊಗೆ, ಅಮ್ಮನ ಸೆರಗಿನ ಹುಳಿವಾಸನೆ ಎಲ್ಲ ಬಂದು ಬೆಂಚಿನ ಮೇಲೆ ಪಕ್ಕದಲ್ಲಿ ಕೂರುತ್ತವೆ. ಅಮ್ಮನದೊಂದು ಫೋಟೋ ಇದೆ. ಸ್ಟುಡಿಯೋದವನು "ನಗಬೇಡಿ" ಎಂದು ಗದರಿಸಿದ್ದರಿಂದ ಅದರಲ್ಲಿ ಅವಳು ಯಾರೋ ಪೊಲೀಸ್ ಠಾಣೆಯಲ್ಲಿ ನಿಂತವಳ ಹಾಗೆ ಕಾಣುತ್ತಾಳೆ. ಮೊಸರಿನಲ್ಲಿ ಮಾತ್ರ ಅವಳು ಅವಳ ಹಾಗೇ ಇದ್ದಳು.

ಇಂತಿರಲು, ಸಾವಿರದ ಒಂಬೈನೂರ ಎಂಬತ್ತೆಂಟನೆಯ ಇಸವಿಯಲ್ಲಿ, ನಮ್ಮ ಕಾರ್ಖಾನೆಗೆ ಕಂಪ್ಯೂಟರ್ ಆಗಮಿಸಿತು. ಅದಕ್ಕೆ ಗಾಜಿನ ಕೋಣೆ, ಏರ್‌ಕಂಡೀಷನ್, ಹಣೆಗೆ ಕುಂಕುಮ. ಒಳಗೆ ಹೋಗುವವರು ಚಪ್ಪಲಿ ಬಿಡಬೇಕು. ಸ್ಟೋರ್ಸಿನಲ್ಲಿ ಬೋಲ್ಟು ನಟ್ಟು ಎಣಿಸುತ್ತಿದ್ದ ನನಗೆ ಟೈಪಿಂಗ್ ಬರುತ್ತಿತ್ತೆಂಬ ಒಂದೇ ಪುಣ್ಯಕ್ಕೆ ನಾನು ಅದರ 'ಇನ್‌ಚಾರ್ಜ್' ಆದೆ. ಅರ್ಚಕನಿಗೂ ನನಗೂ ಇದ್ದ ವ್ಯತ್ಯಾಸವೆಂದರೆ ನನ್ನ ತಟ್ಟೆಗೆ ಯಾರೂ ಕಾಸು ಹಾಕುತ್ತಿರಲಿಲ್ಲ.

ವರ್ಷ ತುಂಬುವುದರೊಳಗೆ ಕಾರ್ಖಾನೆಯ ಸಮಸ್ತ ವಿದ್ಯೆಯೂ ಅದರ ಡಿಸ್ಕಿನ ಹೊಟ್ಟೆ ಸೇರಿತು. ಆಗ ಮ್ಯಾನೇಜರಿಗೆ ಭಯ ಹುಟ್ಟಿತು: ಒಂದು ದಿನ ಇದು ಕೆಟ್ಟು ಕೂತರೆ? ಬೆಂಗಳೂರಿನಿಂದ ಇಬ್ಬರು ಮಾರಾಟಗಾರರು ಬಂದರು. ಒಬ್ಬನ ಸಾಫ್ಟ್‌ವೇರು ಡಿಸ್ಕಿನಲ್ಲಿ ಏನಿದೆ, ಎಲ್ಲಿದೆ ಎಂದು ಕೇಳದೆ, ಕಸವನ್ನೂ ಬಿಡದೆ, ಇಡಿಯಾಗಿ ಅದರ ಪಡಿಯಚ್ಚನ್ನು ಫ್ಲಾಪಿಗಳ ರಾಶಿಗೆ ಇಳಿಸುತ್ತದೆ. ಕಂಪ್ಯೂಟರ್ ಸತ್ತರೆ ಮತ್ತೆ ಸುರಿಯಿರಿ, ಸತ್ತ ದಿನ ಹೇಗಿತ್ತೋ ಹಾಗೇ ಎದ್ದು ಕೂರುತ್ತದೆ. ಇನ್ನೊಬ್ಬನದು ನಾವು ಬೇಕೆಂದು ಆರಿಸಿದ ಫೈಲುಗಳನ್ನಷ್ಟೇ ಎತ್ತಿಡುತ್ತದೆ. ಫ್ಲಾಪಿ ಕಡಿಮೆ, ಆದರೆ ಉಳಿದ ಸಂಸಾರವನ್ನು ನಾವೇ ಮೊದಲಿನಿಂದ ಹೂಡಬೇಕು. ಮೊದಲನೆಯದಕ್ಕೆ ನಾನು 'ಇಡಿಗಂಟು' ಎಂದೂ ಎರಡನೆಯದಕ್ಕೆ 'ಬಿಡಿಗಂಟು' ಎಂದೂ ನಾಮಕರಣ ಮಾಡಿದೆ.

"ಚೆನ್ನಕೇಶವ, ಎದು ನಲ್ಲದು? ಸೋಮವಾರ ರಿಪೋರ್ಟ್ ವೇಣುಂ," ಎಂದು ಮ್ಯಾನೇಜರು ತಮಿಳು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಮುಗಿಸಿದರು. ಯಾವುದು ಒಳ್ಳೆಯದು, ಸೋಮವಾರ ವರದಿ ಬೇಕು. ಕಾರ್ಖಾನೆಯ ಅಳಿವು ಉಳಿವು ನನ್ನ ಎರಡು ಹೆಗಲ ಮೇಲೆ!

ಮನೆಗೆ ಬಂದು ವೇದವತಿಗೆ ಎಲ್ಲವನ್ನೂ ವಿವರಿಸಿದೆ. ಅವಳು ಹುರುಳಿಕಾಯಿ ನಾರು ತೆಗೆಯುತ್ತಾ ಕೇಳಿದಳು.

"ಅಂದ್ರೆ, ಇರೋದ್ರಲ್ಲಿ ಒಂಚೂರು ಇನ್ನೊಂದು ಕಡೆ ಎತ್ತಿಡೋದು. ಅಷ್ಟೇ ತಾನೆ?"

"ಅಷ್ಟೇ ಅಲ್ವೇ! ಇದಕ್ಕೆ ಬ್ಯಾಕಪ್ ಅಂತಾರೆ. ದೊಡ್ಡ ಶಾಸ್ತ್ರ ಇದೆ."

"ಇರ್ಲಿ ಬಿಡಿ. ನಾಳೆ ಬೆಳಿಗ್ಗೆ ನಾನು ಡೆಂಕಣಿಕೋಟೆಗೆ ಹೋಗ್ಬತ್ತೀನಿ. ತಮ್ಮನ ರಾಗಿ ಹೊಲಕ್ಕೆ ಆನೆ ನುಗ್ಗಿದ್ವಂತೆ. ಭಾನುವಾರ ಸಂಜೆಗೆ ಬಂದ್ಬಿಡ್ತೀನಿ. ಹೆಪ್ಪು ಹಾಕೋದು ನಿಮ್ಮ ಪಾಲು."

ಆಮೇಲೆ ಶುರುವಾಯಿತು ಉಪದೇಶ. ಊಟಕ್ಕೆ ಕೂರುವ ಮುಂಚೆ ಹೆಪ್ಪಿಗೆ ಎತ್ತಿಡಬೇಕು. ಎತ್ತಿಟ್ಟದ್ದನ್ನೂ ಪೂರ್ತಿ ಹಾಕದೆ ಒಂದಿಷ್ಟು ಮಿಕ್ಕಿಸಬೇಕು. ಹಾಲು ಉಗುರುಬೆಚ್ಚಗಿರಬೇಕು, ಕಿರುಬೆರಳು ಅದ್ದಿದರೆ ಹಿತವಾಗಬೇಕು. ಚಳಿಗಾಲ, ಆದ್ದರಿಂದ ಪಾತ್ರೆಗೆ ಟವೆಲ್ ಹೊದಿಸಬೇಕು.

"ಏನೇ ಇದು! ಡಿಸ್ಕಿನ ಎರಡು ಕೋಟಿ ಅಕ್ಷರ ಕಾಯೋನಿಗೆ ಒಂದು ಚಮಚ ಮೊಸರು ಕಾಯೋಕೆ ಬರಲ್ವಾ?"

"ಅದೇ ಭಯ," ಎಂದಳು.

ಶುಕ್ರವಾರ ಸಂಜೆ ನಾನು ಊಟದ ತಟ್ಟೆಯ ಎಡಕ್ಕೆ ಇಡಿಗಂಟಿನ ಪುಸ್ತಿಕೆ, ಬಲಕ್ಕೆ ಬಿಡಿಗಂಟಿನ ಪುಸ್ತಿಕೆ ಹರಡಿಕೊಂಡು ಕುಳಿತೆ. ಇಡಿಗಂಟಿನಲ್ಲಿ ಒಂದು ಮಾತು ಬಹಳ ಹಿಡಿಸಿತು: ಯಾವ ಕೆಲಸಕ್ಕೂ ಕೈ ಹಾಕುವ ಮುನ್ನ ಮೂಲದ ಒಂದು ಪ್ರತಿಯನ್ನು ಬೇರೆ ಸ್ಥಳದಲ್ಲಿ ಇರಿಸಿರಿ. ಎಂಥ ಮಾತು! ಕೆಂಪು ಪೆನ್ನು ತಂದು ಅಡಿಗೆರೆ ಎಳೆದೆ. ಎಳೆಯುತ್ತಾ ಎಡಗೈಯಿಂದ ಮೊಸರಿನ ಪಾತ್ರೆಯನ್ನು ಅನ್ನದ ಮೇಲೆ ಬಗ್ಗಿಸಿದೆ. ಕಲೆಸಿ ಉಂಡ ಮೇಲೆ ಹೆಪ್ಪಿನ ನೆನಪಾಯಿತು. ಗಾಬರಿಯೇನೂ ಆಗಲಿಲ್ಲ, ಪಾತ್ರೆಯ ಅಂಚು ಕೆರೆದರೆ ಒಂದು ಚಮಚ ಸಿಕ್ಕಿತು. ಹಾಲು ಆಗಷ್ಟೇ ಒಲೆಯಿಂದ ಇಳಿದಿತ್ತು. ಕಿರುಬೆರಳು? ಅದು ಬಿಡಿಗಂಟಿನ ಪುಟದಲ್ಲಿ ಗುರುತಿಗೆ ಸಿಕ್ಕಿಕೊಂಡಿತ್ತು. ಚಮಚವನ್ನು ಪೂರ್ತಿ ಹಾಲಿಗೆ ಬಿಟ್ಟು, ತಿರುವಿ, ಟವೆಲನ್ನು ಮಾತ್ರ ಬಹಳ ಪ್ರೀತಿಯಿಂದ ಹೊದಿಸಿದೆ.

ಬೆಳಿಗ್ಗೆ ಮುಚ್ಚಳ ತೆಗೆದರೆ ಮೇಲೆ ಹಳದಿ ನೀರು, ಕೆಳಗೆ ಒಡಕು. ಡೆಂಕಣಿಕೋಟೆಯ ಆನೆಗಳೂ ಹೊಲದ ಒಂದು ಮೂಲೆಯನ್ನಾದರೂ ಬಿಟ್ಟಿದ್ದವಂತೆ. ನಾನು ಏನೂ ಬಿಟ್ಟಿರಲಿಲ್ಲ.

ಡಬ್ಬಿಯಲ್ಲಿ ಹಿಂದಿನ ದಿನದ ಮೊಸರನ್ನದ ಅಂಟಾದರೂ ಇದ್ದೀತೆಂದು ಓಡಿದೆ. ಜೀವಮಾನದಲ್ಲೇ ಮೊದಲ ಸಲ ಅದನ್ನು ನಾನೇ ತೊಳೆದು, ಬೂದಿ ಹಾಕಿ ಉಜ್ಜಿ, ಮಗುಚಿಟ್ಟಿದ್ದೆ. ಗುಮ್ಮಳಾಪುರಕ್ಕೆ ಹೋಗೋಣವೆಂದರೆ, ಅಮ್ಮನ ಒಲೆಯಿದ್ದ ಜಾಗದಲ್ಲಿ ಈಗ ಬೇರೆ ಯಾರೋ ರೇಷ್ಮೆಹುಳು ಸಾಕುತ್ತಾರೆ. ಅಡುಗೆಮನೆಯ ನೆಲದ ಮೇಲೆ ಕುಳಿತೆ. ಅಮ್ಮ ಸತ್ತ ದಿನ ಬಂದವರಿಗೆ ಕಾಫಿ, ಪುರೋಹಿತರಿಗೆ ಸೌದೆ ಎಂದು ಓಡಾಡುತ್ತಾ ನನಗೆ ಸರಿಯಾಗಿ ಅಳಲು ಪುರುಸೊತ್ತೇ ಆಗಿರಲಿಲ್ಲ. ಈಗ ಒಡೆದ ಹಾಲಿನ ಮುಂದೆ ಬೇಕಾದಷ್ಟು ಪುರುಸೊತ್ತು ಸಿಕ್ಕಿತು.

ಆದರೆ ಇನ್‌ಚಾರ್ಜ್ ಆದವನು ಕುಳಿತರೆ ಆಗುತ್ತದೆಯೇ? ಮೂಗು ಒರೆಸಿಕೊಂಡು ಬಸ್‌ಸ್ಟ್ಯಾಂಡಿನ ಹೋಟೆಲಿನಿಂದ ಒಂದು ಲೋಟ ಮೊಸರು ತಂದೆ. ಈ ಸಲ ಕಿರುಬೆರಳು ಮಾತ್ರವಲ್ಲ, ಐದೂ ಬೆರಳು ಅದ್ದಿ ನೋಡಿ ಹೆಪ್ಪು ಹಾಕಿದೆ. ಭಾನುವಾರ ಗಟ್ಟಿಯಾಗಿ, ಕೊಯ್ದರೆ ಹೋಳು ಬರುವಂಥ ಮೊಸರು! ಅನ್ನಕ್ಕೆ ಕಲೆಸಿ ಒಂದು ತುತ್ತು ಬಾಯಿಗಿಟ್ಟೆ. ಕುಂದು ಹೇಳುವಂತಿರಲಿಲ್ಲ. ಎರಡನೆಯ ತುತ್ತು ಇಟ್ಟು ಕಾದೆ. ಯಾರೂ ಬಂದು ಪಕ್ಕದಲ್ಲಿ ಕೂರಲಿಲ್ಲ.

ಸಂಜೆ ವೇದವತಿ ಬಂದಳು. ಆನೆಗಳ ಪುರಾಣ ಹೇಳುತ್ತಲೇ ಕೈಕಾಲು ತೊಳೆದು, ಮಜ್ಜಿಗೆ ಮಾಡಿಕೊಳ್ಳಲು ಪಾತ್ರೆ ಎತ್ತಿ, ಬೆರಳ ತುದಿಯಲ್ಲಿ ನೆಕ್ಕಿದಳು. ಆನೆಗಳು ಅಲ್ಲೇ ನಿಂತವು.

"ಯಾರ ಮನೇದ್ರೀ ಇದು?"

"ಯಾರದೇನು, ನಮ್ಮದೇ. ಹವಾ ಬದಲಾಗಿದೆ ನೋಡು, ಚಳಿ..."

"ಚಳಿಗೆ ಮೊಸರು ಹೋಟ್ಲಿಗೆ ಹೋಗಿ ಬತ್ತದಾ?"

ನಾನು ಎಲ್ಲ ಒಪ್ಪಿಕೊಂಡೆ. ಕೆಂಪು ಅಡಿಗೆರೆಯ ವಿಷಯವನ್ನೂ ಬಿಡಲಿಲ್ಲ. ಅವಳು ಬೈಯಲಿಲ್ಲ. ಅದೇ ಹೆದರಿಕೆಯಾದದ್ದು. ಕಿಟಕಿಯಾಚೆ ಬಗ್ಗಿ ಬೆಳಕು ನೋಡಿದಳು.

"ಇನ್ನೂ ದೀಪ ಹಚ್ಚಿಲ್ಲ. ಬಟ್ಲು ತಗೊಂಡು ಓಡಿ."

"ಎಲ್ಲಿಗೆ?"

"ಎದುರು ಮನೆಗೆ. ಗುರುವಾರ ತಾನೆ ನಮ್ಮ ಹೆಪ್ಪು ತಗೊಂಡು ಹೋಗಿದ್ದಾರೆ? ದೀಪ ಹಚ್ಚಿದ್ಮೇಲೆ ಹೆಪ್ಪು ಹೊರಗೆ ಕೊಡಲ್ಲ ಅವರು."

"ಆ ಕ್ಷೀರ... ಅವರ ಹತ್ರ ನಾನಾ? ನೀನೇ ಹೋಗೇ."

"ಒಡೆದೋರು ಯಾರೋ ಅವರೇ ಕೇಳ್ಬೇಕು. ಓಡ್ರೀ, ಕತ್ತಲಾಗ್ತಿದೆ!"

ಓಡಿದೆ. ಕಂಪ್ಯೂಟರ್ ಇನ್‌ಚಾರ್ಜ್ ಒಬ್ಬರು ಪಂಚೆ ಎತ್ತಿ ಕಟ್ಟಿಕೊಂಡು ಬೀದಿ ದಾಟುವುದನ್ನು ಆಲಸನತ್ತ ಅಂದೇ ಮೊದಲು ನೋಡಿದ್ದು. ಜಲಜಮ್ಮನವರು ಹೊಸ್ತಿಲಲ್ಲಿ ಬತ್ತಿ ಹೊಸೆಯುತ್ತಾ ಕುಳಿತಿದ್ದರು. ಬೆಂಕಿಪೊಟ್ಟಣ ಪಕ್ಕದಲ್ಲೇ ಇತ್ತು.

"ಜಲಜಮ್ಮನವರೇ, ಹಚ್ಬೇಡಿ! ಒಂಚೂರು ಹೆಪ್ಪು..." ಎಂದು ಕೈ ಚಾಚಿದೆ.

ಅವರು ನನ್ನ ಕೈಯನ್ನು ನೋಡಿದರು. ನಾನೂ ನೋಡಿದೆ. ಅವಸರದಲ್ಲಿ ತಂದದ್ದು ಬರೀ ಮುಚ್ಚಳ.

"ಬಂತು ನೋಡು ಕಂಪ್ಯೂಟ್ರು," ಎಂದರು ನಿಧಾನವಾಗಿ, "ಮುಚ್ಳ ಹಿಡ್ಕೊಂಡು."

ಒಳಗೆ ಹೋಗಿ, ಪ್ರತಿ ಗುರುವಾರ ನಮ್ಮ ಹೊಸ್ತಿಲಿಗೆ ಬರುತ್ತಿದ್ದ ಅದೇ ಬಟ್ಟಲನ್ನು ತಂದರು.

"ಹಾಳು ಮಾಡ್ಬುಟ್ಯಾ ಕೊನೆಗೆ? ನಿಮ್ಮಮ್ಮ ಅಂದಿದ್ದು ನಿಜ ಆಯ್ತು."

"ಅಮ್ಮ? ಏನಂದಿದ್ರು?"

"ಹಾಸಿಗೆ ಹಿಡಿದಾಗ ನನ್ನ ಕರೆದು ಹೇಳಿದ್ರು. 'ಜಲಜಾ, ವಾರವಾರ ನಮ್ಮನೆ ಹೆಪ್ಪು ತಗೊಂಡು ನಿನ್ನ ಹಾಲಿಗೂ ಹಾಕ್ಕೊಳವ್ವಾ. ನನ್ ಸೊಸೆ ಜ್ವಾಪಾನ. ನನ್ ಮಗ ಒಬ್ಬ ಅವ್ನಲ್ಲ, ಓದಾಕೆ ಕುಂತ್ರೆ ಹಾಲೂ ಕಾಣಾಕಿಲ್ಲ ಬೆಂಕೀನೂ ಕಾಣಾಕಿಲ್ಲ. ಒಂದಲ್ಲ ಒಂದಿನ ಸುಟ್ಟಾಕ್ತಾನೆ,' ಅಂತ. ಇಲ್ದಿದ್ರೆ ಹಸು ಕಟ್ಟಿರೋಳು ನಿನ್ನ ಬೈಗುಳ ಕೇಳ್ಕೊಂಡು ಹೆಪ್ಪಿಗೆ ಬರ್ತಿದ್ನಾ?"

ಎರಡನೆಯ ತರಗತಿಯೂ ಓದದ ನನ್ನ ತಾಯಿ ಸಾಯುವ ಮುನ್ನ ಬ್ಯಾಕಪ್ ಏರ್ಪಾಡು ಮಾಡಿಟ್ಟು ಹೋಗಿದ್ದಳು. ಅದೂ ಬೆಂಕಿಗೆ, ನೀರಿಗೆ, ಕಳ್ಳರಿಗೆ ಹೆದರಿ ಅಲ್ಲ, ನನಗೆ ಹೆದರಿ. (ಸೋಮವಾರದ ವರದಿಯಲ್ಲಿ ನಾನು ಬರೆದದ್ದು ಇಷ್ಟೇ: 'ಇಡಿಯೋ ಬಿಡಿಯೋ, ಯಾವುದಾದರೂ ಸರಿ. ಪ್ರತಿ ಮಾತ್ರ ಇನ್‌ಚಾರ್ಜನ ಕೈಗೆ ಸಿಗದ ಕಡೆ ಇರತಕ್ಕದ್ದು.' ಮ್ಯಾನೇಜರು ಓದಿ, ನನ್ನ ಮುಖವನ್ನೊಮ್ಮೆ ನೋಡಿ, "ಕರೆಕ್ಟ್" ಎಂದು ಸಹಿ ಹಾಕಿದರು.)

ಅಲ್ಲೇ ಬೀದಿಯಲ್ಲಿ ನಿಂತು ಬಟ್ಟಲಿಗೆ ಬೆರಳಿಟ್ಟು ನಾಲಿಗೆಗೆ ತಾಗಿಸಿದೆ. ಅರೆಗತ್ತಲು, ಹೊಗೆ, ಸೆರಗು. ಒಂದೂ ಕಳೆದಿರಲಿಲ್ಲ. ಆದರೂ ಗುಮ್ಮಳಾಪುರ ಬಿಟ್ಟ ಮೇಲೆ ಬೇರೆ ಮನೆ, ಬೇರೆ ಕೈ, ಬೇರೆ ಹಾಲು. ನನ್ನ ಮನಸ್ಸು ತಡೆಯಲಿಲ್ಲ.

"ಜಲಜಮ್ಮನವರೇ, ನಿಜ ಹೇಳಿ. ಇದರಲ್ಲಿ ನಮ್ಮಮ್ಮಂದು ಅಂತ ಎಷ್ಟು ಉಳಿದಿದೆ?"

ಅವರು ಕಡ್ಡಿ ಗೀರಿ ದೀಪ ಹಚ್ಚಿದರು.

"ಹಾಲು ನಮ್ಮ ಹಸೂಂದು, ಹುಳಿ ನಿಮ್ಮಮ್ಮಂದು, ಬಟ್ಲು ನಂದು. ತೊಳ್ದು ತಂದ್ಕೊಡು."