ಮಂಜುನಾಥರ ಅಕೌಂಟು ಮುಚ್ಚಿದ್ದು

ಮನುಷ್ಯರ ಮೇಲೆ ನನಗಿದ್ದ ಗೌರವ ಹೋದದ್ದು ಅವರ ಪಾಸ್‌ವರ್ಡುಗಳು ಕಿವಿಗೆ ಬೀಳತೊಡಗಿದ ಮೇಲೆ. ಅದಕ್ಕೆ ಮುಂಚೆ ನಾನೂ ಸಹೋದ್ಯೋಗಿಗಳನ್ನು ಕಂಡರೆ ನಮಸ್ಕಾರ ಹೇಳಿ, ಮಕ್ಕಳ ಓದಿನ ಬಗ್ಗೆ ವಿಚಾರಿಸುವ ಸಂಭಾವಿತನೇ ಆಗಿದ್ದೆ. ಅಷ್ಟರಲ್ಲಿ ರಾಜಾಜಿನಗರದಲ್ಲಿರುವ ನಮ್ಮ ಪಂಪಿನ ಬಿಡಿಭಾಗಗಳ ಕಾರ್ಖಾನೆಗೆ ಕ್ಲೌಡ್ ಡೈರೆಕ್ಟರಿ ಬಂತು. ಕಂಪನಿಯವರು ಯಾರು, ಯಾರು ಯಾವ ಫೈಲು ತೆಗೆಯಬಹುದು, ಯಾರು ಯಾವುದಕ್ಕೆ ಕೈಹಾಕಕೂಡದು ಎಂಬುದನ್ನೆಲ್ಲ ಎಲ್ಲೋ ದೂರದ ಕಂಪ್ಯೂಟರಿನಲ್ಲಿ ಒಂದೇ ಪಟ್ಟಿಯಾಗಿ ಇಡುವ ಏರ್ಪಾಡು ಅದು. ಪಟ್ಟಿಯಲ್ಲಿ ನಿಮ್ಮ ಹೆಸರು ಜೀವಂತವಾಗಿದ್ದರೆ ಬೆಳಿಗ್ಗೆ ಕಂಪ್ಯೂಟರು ಒಳಗೆ ಬಿಡುತ್ತದೆ, ಇಲ್ಲದಿದ್ದರೆ ಬಾಗಿಲಲ್ಲೇ ನಿಲ್ಲಿಸುತ್ತದೆ. ಆ ಪಟ್ಟಿಯ ಉಸ್ತುವಾರಿ ನನ್ನ ತಲೆಗೆ ಬಂತು.

ಪಾಸ್‌ವರ್ಡನ್ನು ಯಾರಿಗೂ ಹೇಳಬೇಡಿ ಎಂದು ನಾನು ನೋಟಿಸ್ ಹಾಕಿದ್ದೇ ತಡ, ಎಲ್ಲರೂ ಬಂದು ನನಗೆ ಹೇಳತೊಡಗಿದರು. ಪ್ರೊಡಕ್ಷನ್ ಮ್ಯಾನೇಜರು ಕ್ಯಾಂಟೀನಿನ ಆ ತುದಿಯಿಂದ, "ಸಾರ್, ನಂದು ಹೆಂಡ್ತಿ ಹೆಸರು, ಒಂದು ಎರಡು ಮೂರು. ಆದ್ರೂ ತಗೋತಾ ಇಲ್ಲ!" ಎಂದು ಕೂಗಿದರು. ಅಂದಿನಿಂದ ಅವರ ಹೆಂಡತಿಯ ಹೆಸರು ಇಡೀ ಕಾರ್ಖಾನೆಗೆ ಗೊತ್ತು. ಮಾರ್ಕೆಟಿಂಗಿನ ಮುಖ್ಯಸ್ಥರಿಗೆ ಎಲ್ಲ ಫೈಲುಗಳನ್ನೂ ತೆರೆಯುವ ಅಧಿಕಾರ ಬೇಕಂತೆ. ಯಾತಕ್ಕೆ ಸಾರ್ ಅಂದರೆ, "ಸುಮ್ನೆ ಇರ್ಲಿ ಬಿಡಿ, ಬೇರೆಯೋರಿಗೆ ಇದೆಯಲ್ಲ" ಅನ್ನುತ್ತಾರೆ. ಇಂಥವರ ಮಧ್ಯೆ ಬುದ್ಧಿ ಇರುವವನು ನಾನೊಬ್ಬನೇ ಎಂಬ ಸತ್ಯವನ್ನು ಮನೆಯಲ್ಲಿ ದಿನಾ ಹೇಳುತ್ತಿದ್ದೆ. ಹೆಂಡತಿ ಕೇಳಿ ಕೇಳಿ ಸಾಕಾಗಿ ಟೀವಿಯ ಶಬ್ದ ಏರಿಸುತ್ತಿದ್ದಳು.

ಇನ್ನು ಈ ಡೈರೆಕ್ಟರಿಯನ್ನು ಮಾಡಿದವರ ವಿಷಯ. ಆ ಪುಣ್ಯಾತ್ಮರಿಗೆ ನಮ್ಮ ಕಡೆಯ ಹೆಸರುಗಳ ಗಂಧಗಾಳಿಯೂ ಇಲ್ಲ. ಮೊದಲ ಹೆಸರು ಹಾಕು, ಕೊನೆಯ ಹೆಸರು ಹಾಕು ಎಂದು ಅವರ ಡೈರೆಕ್ಟರಿ ಪೀಡಿಸುತ್ತದೆ. ನಮ್ಮಲ್ಲಿ ಅರ್ಧ ಜನಕ್ಕೆ ಒಂದು ಹೆಸರು, ಅದರ ಹಿಂದೆ ಒಂದು ಇನಿಷಿಯಲ್, ಮುಗಿಯಿತು. ಕಾರ್ಖಾನೆಯಲ್ಲಿ ಎನ್. ಮಂಜುನಾಥರೇ ಇಬ್ಬರು. ಒಬ್ಬರು ತಪಾಸಣಾ ವಿಭಾಗದವರು, ಐವತ್ತು ದಾಟಿದವರು, ಮೂಡಲಪಾಳ್ಯದಲ್ಲಿ ಬಾಡಿಗೆಗಿದ್ದವರು. ಇನ್ನೊಬ್ಬ ಸೇಲ್ಸ್‌ನವನು, ಹೊಸಹಳ್ಳಿಯ ಹುಡುಗ. ನಾನು ತಲೆ ಓಡಿಸಿ ಕೊನೆಯ ಹೆಸರಿನ ಜಾಗದಲ್ಲಿ ಅವರವರ ಏರಿಯಾ ಹಾಕಿದೆ. ಒಬ್ಬರು ಮಂಜುನಾಥ್ ಮೂಡಲಪಾಳ್ಯ, ಇನ್ನೊಬ್ಬ ಮಂಜುನಾಥ್ ಹೊಸಹಳ್ಳಿ. ಆಫೀಸಿನವರೂ ಹಾಗೇ ಕರೆಯತೊಡಗಿದಾಗ ನನಗೆ ಒಳಗೊಳಗೇ ಖುಷಿಯಾಗಿತ್ತು.

ನಾನೇ ಮಾಡಿದ ಇನ್ನೊಂದು ಪದ್ಧತಿಯೂ ಇತ್ತು. ಯಾರನ್ನಾದರೂ ಕೆಲಸದಿಂದ ತೆಗೆಯುವುದಿದ್ದರೆ ಮೊದಲು ಅಕೌಂಟು ಮುಚ್ಚಬೇಕು, ಆಮೇಲೆ ಆಸಾಮಿಗೆ ಹೇಳಬೇಕು. ಇಲ್ಲದಿದ್ದರೆ ಸಿಟ್ಟಿನಲ್ಲಿ ಫೈಲು ಅಳಿಸಿಬಿಡುತ್ತಾರೆ ಎಂದು ಯಜಮಾನರಿಗೆ ಮನವರಿಕೆ ಮಾಡಿಸಿದ್ದೆ. ಹೀಗಾಗಿ ನಮ್ಮಲ್ಲಿ ಬೆಳಿಗ್ಗೆ ಬಂದವರಿಗೆ ಕಂಪ್ಯೂಟರು ತೆರೆಯಲಿಲ್ಲ ಅಂದರೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಮೊನ್ನೆ ಬೆಳಿಗ್ಗೆ ಸಿಬ್ಬಂದಿ ವಿಭಾಗದ ಶುಭಾ ಮೇಡಂ ಮೆಸೇಜು ಕಳಿಸಿದರು: "ಮೂಡಲಪಾಳ್ಯದ ಮಂಜುನಾಥ್ ಬಿಟ್ಟರು. ಅಕೌಂಟ್ ಕ್ಲೋಸ್ ಮಾಡಿ." ಪಟ್ಟಿಯಲ್ಲಿ ಮೂಡಲಪಾಳ್ಯ ಕಂಡಿತು, ಒತ್ತಿದೆ, ಮುಚ್ಚಿತು. ಅರ್ಧ ನಿಮಿಷದ ಕೆಲಸ. ಆಮೇಲೆ ಕಾಫಿ ತರಿಸಿಕೊಂಡು ಉಳಿದವರ ದಡ್ಡತನದ ಬಗ್ಗೆ ಯೋಚಿಸುತ್ತ ಕೂತೆ.

ಹತ್ತೂವರೆ ಹೊತ್ತಿಗೆ ತಪಾಸಣೆಯ ಮಂಜುನಾಥರು ನನ್ನ ಮೇಜಿನ ಮುಂದೆ ಬಂದು ನಿಂತರು. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಮಡಿಸಿದ ಕಾಗದ.

"ಬರ್ತೀನಿ ಸಾರ್. ಇಷ್ಟು ವರ್ಷ ಜೊತೆಗಿದ್ವಿ."

"ಎಲ್ಲಿಗ್ರೀ?"

"ಕಂಪ್ಯೂಟರ್ ತಗೋತಾ ಇಲ್ಲ ಸಾರ್. ನಂಗೆ ಅರ್ಥ ಆಯ್ತು. ಅವ್ರಾಗಿ ಕರೆದು ಹೋಗು ಅನ್ನೋ ಮುಂಚೆ ನಾನೇ ಬರ್ಕೊಟ್ಟು ಹೋಗೋಣ ಅಂತ. ಮರ್ಯಾದೆ ಒಂದು ಉಳೀಲಿ. ನಿಮ್ ಮೇಲೆ ಬೇಜಾರಿಲ್ಲ ಸಾರ್, ನೀವು ಹೇಳಿದ್ದನ್ನ ಮಾಡೋರು."

ಕಾಗದ ರಾಜೀನಾಮೆಯದು. ಯಜಮಾನರ ಕೋಣೆಯ ಬಾಗಿಲು ಅಲ್ಲಿಂದ ಹತ್ತು ಹೆಜ್ಜೆ. ನಮ್ಮ ಯಜಮಾನರು ಎಂಥವರು ಎಂದರೆ, ಯಾರಾದರೂ ತಾವಾಗಿ ರಾಜೀನಾಮೆ ಕೊಟ್ಟರೆ ಕಾರಣವನ್ನೂ ಕೇಳದೆ ಸಹಿ ಮಾಡಿ, ಒಬ್ಬ ಕಡಿಮೆಯಾದ ಎಂದು ಸಂತೋಷಪಡುವವರು. ಈ ವಯಸ್ಸಿನಲ್ಲಿ ಈ ಮನುಷ್ಯನಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ?

ಆಗ ನನ್ನ ತಲೆಯೊಳಗೆ ಬೆಳಕಾಯಿತು. ಇವರು ಮೂಡಲಪಾಳ್ಯ ಬಿಟ್ಟು ವರ್ಷವಾಗಿತ್ತು. ಕೆಂಗೇರಿಯಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಿದ್ದರು. ನಾನೇ ಹೋಗಿ ಮೂರು ಹೋಳಿಗೆ ತಿಂದು, ನಾಲ್ಕನೆಯದಕ್ಕೆ ಬೇಡ ಬೇಡ ಅನ್ನುತ್ತಲೇ ಎಲೆ ಒಡ್ಡಿದ್ದೆ. ಆ ಸೇಲ್ಸ್‌ನ ಹುಡುಗನೋ, ಮದುವೆಯಾಗಿ ಮೂಡಲಪಾಳ್ಯದಲ್ಲಿ ಮನೆ ಹಿಡಿದಿದ್ದ. ಬೇರೆ ಕೆಲಸ ಸಿಕ್ಕಿ ಬಿಟ್ಟವನು ಅವನು. ಶುಭಾ ಮೇಡಂ ಬರೆದದ್ದು ಅವನ ಈಗಿನ ಏರಿಯಾ, ನನ್ನ ಪಟ್ಟಿಯಲ್ಲಿ ಉಳಿದಿದ್ದದ್ದು ಹಳೆಯದು. ಮನುಷ್ಯರು ಮನೆ ಬದಲಾಯಿಸುತ್ತಾರೆ ಎಂಬ ಸಂಗತಿ ಇಡೀ ಕಾರ್ಖಾನೆಯಲ್ಲಿ ಹೊಳೆಯದೇ ಇದ್ದದ್ದು ನನಗೊಬ್ಬನಿಗೇ.

ತಪ್ಪು ನನ್ನದು ಎಂದು ಹೇಳಬಹುದಿತ್ತು. ಸತ್ಯವಾಗಿ ಹೇಳುತ್ತೇನೆ, ಬಾಯಿಯನ್ನೂ ತೆರೆದೆ. ಆದರೆ ಅಷ್ಟರಲ್ಲಿ ಪ್ರೊಡಕ್ಷನ್ ಮ್ಯಾನೇಜರು ಪಕ್ಕದಲ್ಲಿ ಬಂದು ನಿಂತರು. ಒಂದು ಎರಡು ಮೂರು ಎನ್ನುವ ಆ ಮನುಷ್ಯನ ಎದುರಿಗೆ ತಪ್ಪೊಪ್ಪಿಕೊಳ್ಳುವುದೇ? ಛೆ! ನಾನು ಕಾಗದವನ್ನು ಮಂಜುನಾಥರ ಕೈಯಿಂದ ಕಿತ್ತುಕೊಂಡೆ.

"ಅವಸರ ಮಾಡ್ಬೇಡಿ. ಕೂತ್ಕೊಳ್ಳಿ. ಹತ್ತು ನಿಮಿಷ ಕೊಡಿ, ನಾನು ಮಾತಾಡ್ತೀನಿ" ಎಂದೆ.

"ಯಾರ ಹತ್ರ ಸಾರ್?"

"ಮಾತಾಡ್ತೀನಿ ಅಂದ್ನಲ್ಲ!"

ಸರ್ವರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಒಂದು ಗುಂಡಿ ಒತ್ತಿದರೆ ಅಕೌಂಟು ಮತ್ತೆ ತೆರೆಯಿತು, ಇನ್ನೊಂದು ಒತ್ತಿದರೆ ಹೊಸಹಳ್ಳಿಯದು ಮುಚ್ಚಿತು. ಉಳಿದ ಒಂಬತ್ತು ನಿಮಿಷ ಫೋನು ಕಿವಿಗಿಟ್ಟುಕೊಂಡು ಗಾಜಿನಾಚೆ ಕಾಣುವಂತೆ ಕೈ ಬೀಸುತ್ತ ಓಡಾಡಿದೆ. ಹೊರಗೆ ಬಂದು ಹಣೆ ಒರೆಸಿಕೊಂಡು, "ಹೋಗಿ, ಕೆಲಸ ಮಾಡಿ" ಎಂದೆ.

ಮಂಜುನಾಥರ ಕಣ್ಣಲ್ಲಿ ನೀರು ಬಂತು. ಸಂಜೆಯೊಳಗೆ ಕಾರ್ಖಾನೆಗೆಲ್ಲ ಸುದ್ದಿಯಾಯಿತು. ಮ್ಯಾನೇಜ್‌ಮೆಂಟ್ ಜೊತೆ ಗುದ್ದಾಡಿ ಒಂದು ಸಂಸಾರ ಉಳಿಸಿದ ಪುಣ್ಯಾತ್ಮ ನಾನು. ಭಾನುವಾರ ಅವರು ಹೆಂಡತಿಯನ್ನು ಕರೆದುಕೊಂಡು ಚಂದ್ರಾ ಲೇಔಟಿನ ನಮ್ಮ ಮನೆಗೇ ಬಂದರು, ಹಣ್ಣು ಹೂವು ಸಮೇತ. ಆಯಮ್ಮ, "ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ ಅಣ್ಣಾ" ಎಂದರು. ಕೈಲಾದ್ದು ಮಾಡಿದೆ ತಾಯಿ ಅಂದೆ. ನಿಜ ಗೊತ್ತಿದ್ದ ನನ್ನ ಹೆಂಡತಿ ಕಾಫಿ ಲೋಟ ನನ್ನ ಮುಂದೆ ಸ್ವಲ್ಪ ಜೋರಾಗಿಯೇ ಕುಕ್ಕಿದಳು.

ಹೊರಡುವಾಗ ಮಂಜುನಾಥರು ಗೇಟಿನ ಹತ್ತಿರ ನನ್ನನ್ನು ಪಕ್ಕಕ್ಕೆ ಕರೆದರು.

"ಒಂದು ಹೇಳಿ ಸಾರ್. ನನ್ನನ್ನ ತೆಗೆಸೋಕೆ ಹೊರಟಿದ್ದು ಯಾರು?"

"ಹೆಸರು ಬೇಡ ಬಿಡಿ. ಅವನಿನ್ನು ಹಾಗೆ ಮಾಡಲ್ಲ."

"ನಂಗೊತ್ತಾಗ್ಬೇಕು ಅಂತೇನಿಲ್ಲ ಸಾರ್. ಆದ್ರೆ ಯಾರೇ ಆಗ್ಲಿ, ಅವನಂಥ ಅಯೋಗ್ಯ ಇನ್ನೊಬ್ಬ ಇರಲ್ಲ. ಹೌದೋ ಅಲ್ವೋ?"

ಜಗಲಿಯ ಮೇಲೆ ನಿಂತಿದ್ದ ನನ್ನ ಹೆಂಡತಿ ಉತ್ತರಕ್ಕಾಗಿ ಕಾಯುತ್ತಿದ್ದಳು. ಹೌದು ಎಂದೆ.